ಬಿಲ್ಲು–ಬಾಣ ಪ್ರಶ್ನೋತ್ತರ: ಸೈಟ್ ಬದಲಿಸಿದರೆ ಗುರಿ ಸರಿಹೋಗುತ್ತದೆಯೇ?

ಪ್ರಶ್ನೆ: ಮಗ ಮೊದಲ ಪಿಯುಸಿ ಓದುತ್ತಿದ್ದಾನೆ. ತುದಿಗಳು ಮುಂದಕ್ಕೆ ಬಾಗಿದ ರೀಕರ್ವ್ ಬಿಲ್ಲಿನಲ್ಲಿ 18 ವರ್ಷದೊಳಗಿನವರ ಸ್ಪರ್ಧೆಗೆಂದು ಈಗ 60 ಮೀಟರ್ ಅಭ್ಯಾಸ ಶುರುಮಾಡಿದ್ದಾನೆ. ಕಿಟ್ ಜೊತೆ ಬಂದ ಪ್ಲಾಸ್ಟಿಕ್ ಸೈಟೇ (ಗುರಿ ಹಿಡಿಯಲು ಬಿಲ್ಲಿಗೆ ಕೂರಿಸುವ ಸಾಧನ) ಇನ್ನೂ ಇದೆ. ಬೆಳಿಗ್ಗೆ ಗುರಿಹಲಗೆಯ ನಡುವಿನ ಹಳದಿಗೆ ಬೀಳುವ ಬಾಣಗಳು ಹೊತ್ತು ಹೋದಂತೆ ಮೇಲೇರುತ್ತವೆ. ಎಡ–ಬಲಕ್ಕಂತೂ ಸದಾ ಚದುರುತ್ತವೆ. ಅಂಗಡಿಯವರು ಮೂವತ್ತು ಸಾವಿರದ ಕಾರ್ಬನ್ ಸೈಟ್ ಹಾಕಿಸಿ, ಎರಡೂ ಸರಿಯಾಗುತ್ತೆ ಅಂತಾರೆ. ಕೊಡಿಸಲೇ?
– ತಾಯಿಯೊಬ್ಬರು, ಧಾರವಾಡ

ಉತ್ತರ: ಒಂದು ಸರಿಯಾದೀತು. ಇನ್ನೊಂದಕ್ಕೆ ಮೂವತ್ತು ಸಾವಿರವಲ್ಲ, ಮೂರು ಲಕ್ಷ ಸುರಿದರೂ ಆಗದು.

ಹುಡುಗ ದಣಿದಿದ್ದರೆ ಎಳೆತ ಸಡಿಲಾಗಿ ಬಾಣ ಕೆಳಗಿಳಿಯುತ್ತಿತ್ತು. ಇಲ್ಲಿ ಏರುತ್ತಿದೆ. ಹಾಗಾಗಿ ನನ್ನ ಅನುಮಾನ ಸೈಟಿನ ಮೇಲೆಯೇ. ಪ್ರತಿ ಬಾಣ ಬಿಟ್ಟಾಗಲೂ ಬಿಲ್ಲು ಅದುರುತ್ತದೆ. ತಿರುಪು ಗಟ್ಟಿಯಿಲ್ಲದ ಸೈಟ್ ಒಂದೊಂದು ಕೂದಲೆಳೆಯಷ್ಟು ಕೆಳಗೆ ಜಾರುತ್ತದೆ. ಸೈಟ್ ಕೆಳಗಿಳಿದರೆ ಅದನ್ನು ಹಳದಿಗೆ ಹಿಡಿಯಲು ಹುಡುಗ ತನಗೆ ಗೊತ್ತಿಲ್ಲದೆಯೇ ಬಿಲ್ಲನ್ನು ಎತ್ತುತ್ತಾನೆ, ಬಾಣ ಮೇಲೆ ಹೋಗುತ್ತದೆ. ಕಣ್ಣಿನಿಂದ ಸೈಟ್‌ಗೆ ಸುಮಾರು 90 ಸೆಂ.ಮೀ. ಎಂದುಕೊಳ್ಳಿ. ಇಲ್ಲಿ ಒಂದು ಮಿ.ಮೀ. ಜಾರಿದರೆ 60 ಮೀಟರ್ ಆಚೆ ಆರೂವರೆ ಸೆಂ.ಮೀ. ದಾಟುತ್ತದೆ. 122 ಸೆಂ.ಮೀ. ಗುರಿಹಲಗೆಯಲ್ಲಿ ಒಂದು ವಲಯದ ಅಗಲವೇ 6.1 ಸೆಂ.ಮೀ. ಅಲ್ಲಿಗೆ ಒಂದು ಅಂಕ ಹೋಯಿತು.

ಪರೀಕ್ಷೆಗೆ ದುಡ್ಡು ಬೇಕಿಲ್ಲ. ಸೈಟ್ ಜಾರುವ ಭಾಗಕ್ಕೂ ಅದು ಕೂತಿರುವ ಪಟ್ಟಿಗೂ ಸೇರಿಸಿ ಸಣ್ಣ ಮಾರ್ಕರಿನಲ್ಲಿ ಒಂದೇ ಗೆರೆ ಎಳೆಯಿರಿ. ಬೆಳಗಿನ ಅಭ್ಯಾಸ ಮುಗಿದ ಮೇಲೆ ಗೆರೆ ಎರಡು ತುಂಡಾಗಿ ಕಂಡರೆ ಸೈಟ್ ಬದಲಿಸಿ. ಕಾರ್ಬನ್ನೇ ಆಗಬೇಕೆಂದಿಲ್ಲ. ಲೋಹದ, ಮಧ್ಯಮ ಬೆಲೆಯ ಸೈಟ್ ಸಾಕು. ಅಂಗಡಿಯಲ್ಲಿ ಬೀಗದ ತಿರುಪು ಬಿಗಿಸಿ, ಬೆರಳಿನಿಂದ ಅಲ್ಲಾಡಿಸಿ ನೋಡಿ. ಕದಲಬಾರದು. ತಿರುಗಿಸಿದಾಗ ಒಂದೊಂದೇ ಕ್ಲಿಕ್ ಕೈಗೆ ತಿಳಿಯಬೇಕು. ಉಳಿದದ್ದೆಲ್ಲ ಅಲಂಕಾರ.

ಇನ್ನು ಎಡ–ಬಲದ ವಿಷಯ. ಬಾಣಗಳು ಒಟ್ಟಾಗಿ ಎಲ್ಲಿ ಬೀಳಬೇಕೆಂಬುದನ್ನು ಸೈಟ್ ಬದಲಿಸಬಲ್ಲದು, ಚದುರಿದವನ್ನು ಒಟ್ಟುಗೂಡಿಸಲಾರದು. ರೀಕರ್ವ್‌ನಲ್ಲಿ ಹೆದೆಗೆ ಪೀಪ್ (ಇಣುಕಿ ನೋಡುವ ಸಣ್ಣ ರಂಧ್ರ) ಕೂರಿಸಲು ನಿಯಮದಲ್ಲಿ ಅವಕಾಶವಿಲ್ಲ, ಹಾಗಾಗಿ ಹಿಂದಿನ ಸೈಟ್ ಎಂದರೆ ಹೆದೆಯೇ. ಪೂರ್ತಿ ಎಳೆದಾಗ ಕಣ್ಣೆದುರು ಹೆದೆಯ ಮಸುಕಾದ ಗೆರೆ ಕಾಣುತ್ತದಲ್ಲ, ಅದು ಪ್ರತಿ ಸಲವೂ ಒಂದೇ ಕಡೆ ನಿಲ್ಲಬೇಕು. ಸೈಟಿನ ಉಂಗುರದ ಅಂಚಿಗೋ ರೈಸರ್‌ನ (ಬಿಲ್ಲಿನ ಹಿಡಿಯಿರುವ ನಡುಭಾಗ) ಒಳಬದಿಗೋ, ಎಲ್ಲಿ ಎನ್ನುವುದು ಅವನಿಷ್ಟ. “ಹೆದೆ ಎಲ್ಲಿ ಕಾಣ್ತಿದೆ?” ಎಂದು ಅವನನ್ನು ಕೇಳಿ. “ನೋಡಿಲ್ಲ” ಅಂದರೆ ಕಾರಣ ಸಿಕ್ಕಿತು! ನನ್ನ ಹತ್ತಿರ ಬರುವ ಹುಡುಗರಲ್ಲಿ ಅರ್ಧದಷ್ಟು ಮಂದಿಯ ಉತ್ತರ ಅದೇ.

ಅದಾದ ಮೇಲೂ ಚದುರಿದರೆ ಬಾಣದ ಸ್ಪೈನ್, ಅಂದರೆ ಅದರ ಗಡುಸುತನ ನೋಡಬೇಕು. 18–20 ಮೀಟರಿನಿಂದ ಗರಿಯಿದ್ದ ಬಾಣಗಳ ಜೊತೆ ಗರಿ ಕಿತ್ತ ಒಂದೆರಡನ್ನೂ ಬಿಡಲಿ. ಬಲಗೈಯವನಾದರೆ, ಬೋಳುಬಾಣ ಎಡಕ್ಕೆ ಹೋದರೆ ಬಾಣ ಗಡುಸು, ಬಲಕ್ಕೆ ಹೋದರೆ ಮೆದು. ಸೈಟಿನಲ್ಲಿ ಉಳಿಸಿದ ದುಡ್ಡನ್ನು ಅವನ ಬಿಲ್ಲಿಗೆ ಹೊಂದುವ ಬಾಣಗಳಿಗೆ ಹಾಕಿ. ಹೊಸ ಸೈಟ್ ಬಂದ ಮೇಲೆ, ಯಾವ ದೂರಕ್ಕೆ ಸೈಟ್ ಎಲ್ಲಿರಬೇಕೆಂದು ಗುರುತಿಟ್ಟ ಹಳೆಯ ಅಂಕಿಗಳು ನಡೆಯವು, ಪ್ರತಿ ದೂರಕ್ಕೂ ಹೊಸದಾಗಿ ಬರೆದಿಡಬೇಕು. ಆರು ಬಾಣ ಒಂದೆಡೆ ಕೂಡಿದ ಮೇಲಷ್ಟೇ ಸೈಟ್ ಮುಟ್ಟಲಿ. ಬಾಣ ಹೋದ ಕಡೆಗೇ ಸೈಟ್ ಸರಿಸಬೇಕು: ಮೇಲೆ ಬಿದ್ದರೆ ಮೇಲಕ್ಕೆ, ಎಡಕ್ಕೆ ಬಿದ್ದರೆ ಎಡಕ್ಕೆ. ಸ್ಪರ್ಧೆಯ ಹಿಂದಿನ ವಾರ ಮಾತ್ರ ಹೊಸ ಸೈಟ್, ಹೊಸ ಬಾಣ ಬೇಡ.

ಪ್ರಶ್ನೆ: ನನ್ನದು ತುದಿಗಳಲ್ಲಿ ಗಾಲಿಗಳಿರುವ ಕಾಂಪೌಂಡ್ ಬಿಲ್ಲು. 50 ಮೀಟರಿಗೆ ಸ್ಕೋಪಿನ (ಲೆನ್ಸ್ ಇರುವ ಸೈಟ್) ಲೆನ್ಸ್ 4 ಪಟ್ಟಿನಿಂದ 6 ಪಟ್ಟಿಗೆ ಏರಿಸಿದರೆ ಅಂಕ ಹೆಚ್ಚುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆ ಸೇರಿದೆಯೆಂದು ಗೊತ್ತಾದಾಗಿನಿಂದ ಇಂಥ ಪತ್ರಗಳು ಜಾಸ್ತಿಯಾಗಿವೆ. ಲೆನ್ಸ್ ಗುರಿಯನ್ನಷ್ಟೇ ದೊಡ್ಡದು ಮಾಡುವುದಿಲ್ಲ, ನಿಮ್ಮ ಕೈನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಚುಕ್ಕಿ ಕುಣಿಯುವುದು ಕಂಡು ಅದನ್ನು ನಿಲ್ಲಿಸಲು ಹೋದಿರೋ, ಬೆರಳು ಹೆದೆ ಬಿಡಿಸುವ ಸಾಧನದ ಟ್ರಿಗರ್ ಮೇಲೇ ಕಲ್ಲಾಗುತ್ತದೆ. ಚಿತ್ರ ಮಸುಕಾಗಿದ್ದರೆ ಮೊದಲು ಪೀಪ್‌ಗೆ ಕ್ಲಾರಿಫೈಯರ್ (ಚಿತ್ರ ಸ್ಪಷ್ಟಗೊಳಿಸುವ ಪುಟ್ಟ ಲೆನ್ಸ್) ಹಾಕಿ ನೋಡಿ. ಸ್ಕೋಪಿನ ಲೆವೆಲ್ ಗುಳ್ಳೆ ಬಾಣ ಬಿಡುವ ಹೊತ್ತಿಗೆ ನಡುವೆ ಇದೆಯೇ ಎಂದು ಗೆಳೆಯರೊಬ್ಬರ ಫೋನಿನಲ್ಲಿ ವಿಡಿಯೋ ತೆಗೆಸಿ. ಅಲ್ಲಿನ ಪತ್ತೆಯೇ ನಿಮಗೆ ಹೆಚ್ಚು ಅಂಕ ಕೊಡಿಸೀತು.

ಪ್ರಶ್ನೆ: ನಮ್ಮ ದೇಶದ ಸ್ಪರ್ಧಾ ವಿಭಾಗವಾದ ಇಂಡಿಯನ್ ರೌಂಡ್‌ನ ಬಿದಿರಿನ ಬಿಲ್ಲಿಗೆ ಸಣ್ಣ ಸೈಟ್ ಕಟ್ಟಬಹುದೇ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಇಲ್ಲ. ಅಲ್ಲಿ ಸೈಟ್ ನಿಷಿದ್ಧ. ಬಾಣದ ಮೊನೆಯನ್ನೇ ಗುರುತು ಮಾಡಿಕೊಳ್ಳಿ. 30 ಮೀಟರಿಗೆ ಮೊನೆ ಗುರಿಹಲಗೆಯ ಎಲ್ಲಿರಬೇಕು, 50ಕ್ಕೆ ಎಲ್ಲಿರಬೇಕು ಎಂಬುದನ್ನು ಬಾಣ ಬಿಟ್ಟು ಬಿಟ್ಟೇ ಕಂಡುಕೊಳ್ಳಬೇಕು.