ಪದ ಪ್ರಶ್ನೆ: ವದತೋವ್ಯಾಘಾತ

ಪ್ರಶ್ನೆ: ‘ವದತೋವ್ಯಾಘಾತ’ ಅಂದರೆ ಸುಳ್ಳು ಹೇಳುವುದೇ? ‘ವಿರೋಧಾಭಾಸ’ ಎಂದೂ ಬರೆಯಬಹುದೇ? (ಓದುಗರು, ಚಿಕ್ಕಮಗಳೂರು)

ಉತ್ತರ: ಎರಡೂ ಅಲ್ಲ. ‘ವದತಃ’ ಎಂದರೆ ಮಾತಾಡುವವನ, ‘ವ್ಯಾಘಾತ’ ಎಂದರೆ ಪೆಟ್ಟು. ಸಂಧಿಯಲ್ಲಿ ವಿಸರ್ಗ ‘ಓ’ ಆಗಿದೆ. ಆಡಿದವನ ಮಾತಿಗೆ ಅವನದೇ ಮಾತಿನ ಪೆಟ್ಟು. ‘ನನ್ನ ತಾಯಿ ಬಂಜೆ’ ಎಂಬುದು ಶಾಸ್ತ್ರದವರ ಹಳೆಯ ಉದಾಹರಣೆ. (ಕೆಲವರು ‘ವ್ಯಾಘ್ರಾತ’ ಎಂದು ಬರೆಯುತ್ತಾರೆ, ಇಲ್ಲಿ ಹುಲಿಗೆ ಕೆಲಸವಿಲ್ಲ.)

ನಿಮ್ಮ ಜಿಲ್ಲೆಯದನ್ನೇ ತೆಗೆದುಕೊಳ್ಳಿ. ‘ಕುದುರೆಮುಖ ಮುಳ್ಳಯ್ಯನಗಿರಿಗಿಂತ ಎತ್ತರ’ ಎಂದಷ್ಟೇ ಬರೆದರೆ ಅದು ತಪ್ಪು ಮಾಹಿತಿ. ನಕ್ಷೆ ನೋಡಿದರೆ ಗೊತ್ತಾಗುತ್ತದೆ. ‘ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ, ಕುದುರೆಮುಖ ಅದಕ್ಕಿಂತ ತುಸು ಎತ್ತರ’ ಎಂದರೆ ವದತೋವ್ಯಾಘಾತ. ನಕ್ಷೆಯೇ ಬೇಡ, ವಾಕ್ಯವೇ ಸಿಕ್ಕಿಬೀಳುತ್ತದೆ. ಸಂಘದ ನಡಾವಳಿಯಲ್ಲಿ ‘ಎಲ್ಲ ಸದಸ್ಯರೂ ಹಾಜರಿದ್ದರು, ಗೈರಾದ ಮೂವರಿಗೆ ನೋಟಿಸ್ ಕೊಡಲು ತೀರ್ಮಾನಿಸಲಾಯಿತು’ ಎಂದಿದ್ದರೂ ಅಷ್ಟೇ.

ಆರೋಪಿಸುವ ಮುನ್ನ ನೋಡಬೇಕಾದ್ದು: ಎರಡು ಮಾತೂ ಒಂದೇ ವಸ್ತುವಿನ ಬಗ್ಗೆ, ಒಂದೇ ಕಾಲಕ್ಕೆ, ಒಂದೇ ಅರ್ಥದಲ್ಲಿ ಇವೆಯೇ? ಸಾಮಾನ್ಯವಾಗಿ ಎಡವುವುದು ಕಾಲದಲ್ಲಿ. ‘ಹೊಯ್ಸಳರ ರಾಜಧಾನಿ ಬೇಲೂರು’, ‘ಹೊಯ್ಸಳರ ರಾಜಧಾನಿ ದ್ವಾರಸಮುದ್ರ’ ಇವು ಹೊಡೆದಾಡುವುದಿಲ್ಲ. ಬೇಲೂರು ಮೊದಲಿನದು, ದ್ವಾರಸಮುದ್ರ, ಅಂದರೆ ಇಂದಿನ ಹಳೇಬೀಡು, ಆಮೇಲಿನದು.

ಹೀಗೆ ಮೇಲ್ನೋಟಕ್ಕೆ ವಿರೋಧ ಕಂಡು, ಬಿಡಿಸಿದಾಗ ಕರಗಿದರೆ ಅದು ವಿರೋಧಾಭಾಸ. ಕಾವ್ಯದಲ್ಲಿ ಅದು ಅಲಂಕಾರ. ವದತೋವ್ಯಾಘಾತ ಎಷ್ಟು ಬಿಡಿಸಿದರೂ ಕರಗದು. ಬರಹದಲ್ಲಿ ಈ ಪದ ಭಾರವೆನಿಸಿದರೆ ‘ತನ್ನ ಮಾತಿಗೆ ತಾನೇ ವಿರುದ್ಧ’ ಎನ್ನಿ, ಸಾಕು. ‘ಅಸಂಗತ’ ಬೇಡ, ಅದು ಬರೀ ಹೊಂದಿಕೆಯಾಗದ್ದಕ್ಕೂ ಸಲ್ಲುತ್ತದೆ.