ಬೆಳ್ಳಿಬೆಟ್ಟ ಇದ್ದೂ ಬೊಲಿವಿಯಾ ಬಡವಾಗಿದ್ದು ಹೇಗೆ?

ಹಿಂದಿನ ಅಂಕಣದಲ್ಲಿ ದಕ್ಷಿಣ ಅಮೆರಿಕದ ಬೊಲಿವಿಯಾ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಹಲವರು ಪ್ರಶ್ನೆ ಕಳಿಸಿದ್ದೀರಿ. ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಜಗತ್ತಿಗೇ ಬೆಳ್ಳಿ ಕೊಟ್ಟ ದೇಶ ಅಂತ ಬರೆದಿದ್ದೀರಿ. ಅದೇ ದೇಶ ಆ ಖಂಡದ ಬಡ ದೇಶಗಳಲ್ಲಿ ಒಂದು ಅಂತಲೂ ಬರೆದಿದ್ದೀರಿ. ಎರಡೂ ಹೇಗೆ ನಿಜ ಸರ್? (ಬಳ್ಳಾರಿಯ ಓದುಗರು)

ಉತ್ತರ: ಎರಡೂ ನಿಜ. ಪೊಟೊಸಿ ಎಂಬ ಒಂದು ಊರಿನ ಕತೆ ಗೊತ್ತಾದರೆ ಸಾಕು, ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಇಂದಿನ ಬೊಲಿವಿಯಾದ ಎತ್ತರದ ನಾಡು ಆಗ ಇಂಕಾ ಸಾಮ್ರಾಜ್ಯಕ್ಕೆ ಸೇರಿತ್ತು. 1532ರ ನವೆಂಬರ್‌ನಲ್ಲಿ ಫ್ರಾನ್ಸಿಸ್ಕೊ ಪಿಜಾರೊ ಇನ್ನೂರಕ್ಕಿಂತ ಕಡಿಮೆ ಜನರನ್ನು ಕಟ್ಟಿಕೊಂಡು ಬಂದು, ಇಂಕಾ ದೊರೆ ಅತಾಹುವಾಲ್ಪನನ್ನು ಸೆರೆ ಹಿಡಿದ. ಅಷ್ಟು ಸ್ವಲ್ಪ ಮಂದಿಗೆ ಇದು ಸಾಧ್ಯವಾಗಿದ್ದು ಕತ್ತಿ, ಕುದುರೆಗಳಿಂದ ಮಾತ್ರ ಅಲ್ಲ. ಅವರಿಗಿಂತ ಮೊದಲೇ ಸಿಡುಬು ಆ ನಾಡಿಗೆ ಕಾಲಿಟ್ಟಿತ್ತು. ಸಿಂಹಾಸನಕ್ಕಾಗಿ ಅಣ್ಣ ತಮ್ಮಂದಿರು ಕಾದಾಡಿ ಅರಮನೆಯೇ ಎರಡಾಗಿತ್ತು. 1538ರ ಹೊತ್ತಿಗೆ ಪಿಜಾರೊನ ತಮ್ಮಂದಿರು ದಕ್ಷಿಣಕ್ಕೆ ಇಳಿದು ಬೊಲಿವಿಯಾವನ್ನೂ ಹಿಡಿದರು. 1545ರಲ್ಲಿ ಅಲ್ಲಿನ ಒಂದು ಕೆಂಪು ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು. ಸ್ಪೇನಿನವರು ಅದಕ್ಕೆ 'ಸೆರ್ರೊ ರಿಕೊ' ಎಂದು ಹೆಸರಿಟ್ಟರು. ಸಿರಿಯ ಬೆಟ್ಟ ಅಂತ ಅರ್ಥ. ಅದರ ಬುಡದಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 4,000 ಮೀಟರ್ ಎತ್ತರದಲ್ಲಿ ಪೊಟೊಸಿ ಬೆಳೆಯಿತು. 1600ರ ಆಚೀಚೆ ಅಲ್ಲಿ ಒಂದೂವರೆ ಲಕ್ಷದಷ್ಟು ಜನ ಇದ್ದರು. ಯುರೋಪಿನ ದೊಡ್ಡ ದೊಡ್ಡ ನಗರಗಳಿಗೇ ಸರಿಸಾಟಿ.

ಬೆಳ್ಳಿ ತೆಗೆದದ್ದು ಯಾರು? ಇಂಕಾಗಳ ಕಾಲದಲ್ಲಿ 'ಮಿತಾ' ಎಂಬ ಪದ್ಧತಿ ಇತ್ತು. ಮಿತಾ ಎಂದರೆ ಸರದಿ. ರಸ್ತೆ, ಕಾಲುವೆ, ಕಣಜದಂಥ ಕೆಲಸಕ್ಕೆ ಊರಿನವರು ಸರದಿಯ ಮೇಲೆ ದುಡಿಯಬೇಕಿತ್ತು. ಸ್ಪೇನಿನ ರಾಜನ ಪರವಾಗಿ ಆಳುತ್ತಿದ್ದ ವೈಸರಾಯ್ ಟೊಲೆಡೊ 1570ರ ದಶಕದಲ್ಲಿ ಅದೇ ಹೆಸರನ್ನು ಉಳಿಸಿಕೊಂಡು ಒಳಗಿನ ಅರ್ಥವನ್ನೇ ತಿರುಚಿದ. ಸುತ್ತಲಿನ ಪ್ರಾಂತ್ಯಗಳ ವಯಸ್ಸಿಗೆ ಬಂದ ಗಂಡಸರಲ್ಲಿ ಏಳರಲ್ಲಿ ಒಬ್ಬ ಪ್ರತಿ ವರ್ಷ ಪೊಟೊಸಿಗೆ ಹೋಗಲೇಬೇಕು. ವರ್ಷಕ್ಕೆ ಸುಮಾರು 13,500 ಜನ. ಟಿಟಿಕಾಕಾ ಸರೋವರದ ದಂಡೆಯಿಂದ ಹೊರಟವರಿಗೆ ಎರಡು ತಿಂಗಳ ನಡಿಗೆ. ಹೆಂಡತಿ ಮಕ್ಕಳೂ ಜೊತೆಗೆ, ಲಾಮಾಗಳ ಬೆನ್ನ ಮೇಲೆ ದವಸ. ಕೂಲಿ ಅಂತ ಏನೋ ಸ್ವಲ್ಪ ಕೊಡುತ್ತಿದ್ದರು, ಹೊಟ್ಟೆಗೇ ಸಾಲುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ 'ಬಿಟ್ಟಿ ಚಾಕರಿ' ಅಂತಾರಲ್ಲ, ಮನಸ್ಸಿಗೆ ಬರುವ ಮಾತು ಅದೇ.

ಅದಿರನ್ನು ಬೆನ್ನಿಗೆ ಕಟ್ಟಿಕೊಂಡು, ತೊಗಲಿನ ಏಣಿ ಹತ್ತಿ ಮೇಲೆ ಬರಬೇಕು. ಮೇಲೆ ಬಂದದ್ದನ್ನು ಪುಡಿ ಮಾಡಿ, ಪಾದರಸ ಬೆರೆಸಿ ಕಲಸುತ್ತಿದ್ದರು. ಬೆಳ್ಳಿ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಕಾಯಿಸಿದರೆ ಪಾದರಸ ಆವಿಯಾಗಿ ಬೆಳ್ಳಿ ಉಳಿಯುತ್ತದೆ. ಆ ಆವಿ ಕುಡಿದವರು ಅಲ್ಲಿನ ಆಳುಗಳು.

ಬೆಳ್ಳಿ ಎಲ್ಲಿ ಹೋಯಿತು? ಸ್ಪೇನಿಗೆ ಹೋಯಿತು. ಅಲ್ಲೂ ನಿಲ್ಲಲಿಲ್ಲ. ಯುದ್ಧದ ಖರ್ಚಿಗೆ ರಾಜ ಮಾಡಿದ್ದ ಸಾಲಕ್ಕೆ ಸಂದಾಯವಾಯಿತು. ಅಮೆರಿಕದ ಬೆಳ್ಳಿ ನಾಣ್ಯಗಳು ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೂ ಬಂದವು, ಮೆಣಸು ಕೊಳ್ಳಲು. ಪೊಟೊಸಿಯಲ್ಲಿ ಉಳಿದದ್ದು ಚರ್ಚುಗಳು, ಟಂಕಸಾಲೆ, ಮತ್ತೆ ಜಾಲರಿಯಂತೆ ಕೊರೆದುಹೋದ ಬೆಟ್ಟ.

ಇಂದಿಗೂ ಅಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಜನ ತವರ, ಸತು, ಉಳಿದ ಬೆಳ್ಳಿ ಅಗೆಯುತ್ತಾರೆ. ಗಣಿಯ ಒಳಗೆ ಕೊಂಬಿರುವ ಒಂದು ಮಣ್ಣಿನ ಮೂರ್ತಿ ಕೂತಿರುತ್ತದೆ. ಹೆಸರು 'ಎಲ್ ಟಿಯೊ', ಅಂದರೆ ಮಾವ. ಹೊರಗೆ ಏಸುವಿಗೆ ಕೈ ಮುಗಿದವರು ಒಳಗೆ ಬಂದರೆ ಈ ಮಾವನಿಗೆ ನಡೆದುಕೊಳ್ಳುತ್ತಾರೆ. ಮಂಗಳವಾರ, ಶುಕ್ರವಾರ ಅವನ ಬಾಯಿಗೆ ಸಿಗರೇಟು ಹಚ್ಚಿಡುತ್ತಾರೆ, ಮಡಿಲಿಗೆ ಕೋಕಾ ಎಲೆ ಹಾಕುತ್ತಾರೆ, ಸ್ವಲ್ಪ ಮದ್ಯ ಸುರಿಯುತ್ತಾರೆ. ಬೆಟ್ಟ ಅವನದು. ಅವನು ಮುನಿದರೆ ಮೇಲೆ ಬರುವಂತಿಲ್ಲ. ಈ ನಂಬಿಕೆಯನ್ನು ನಾನು ಹಗುರವಾಗಿ ನೋಡಲಾರೆ. ಪ್ರತಿ ದಿನ ಬದುಕಿ ಬರುವುದೇ ಅನುಮಾನ ಎನ್ನುವವರ ದೇವರು ಅವನು.

ಪ್ರಶ್ನೆ: ಇಷ್ಟೆಲ್ಲ ಆದರೂ ಜನ ಸುಮ್ನೆ ಇದ್ದರಾ? (ದಾವಣಗೆರೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಇಲ್ಲಮ್ಮ, ಸುಮ್ಮನಿರಲಿಲ್ಲ. 1781ರ ಮಾರ್ಚ್‌ನಲ್ಲಿ ಐಮಾರ ಎಂಬ ಮೂಲನಿವಾಸಿ ಜನಾಂಗದ ಹುಲಿಯಾನ್ ಆಪಾಸಾ ಎಂಬಾತ ಲಾ ಪಾಸ್ ನಗರಕ್ಕೆ ಮುತ್ತಿಗೆ ಹಾಕಿದ. ಕೋಕಾ ಎಲೆ, ಬಟ್ಟೆ ಹೊತ್ತು ಊರೂರು ತಿರುಗಿ ಮಾರುತ್ತಿದ್ದವನು. ತನಗೆ ಟುಪಾಕ್ ಕಟಾರಿ ಎಂದು ಹೆಸರಿಟ್ಟುಕೊಂಡ. ತೆರಿಗೆ, ಮಿತಾ ಸಾಲದು ಅಂತ ಸ್ಪೇನಿನ ಅಧಿಕಾರಿಗಳು ಜನರಿಗೆ ಬೇಡದ ಸಾಮಾನುಗಳನ್ನು ಬಲವಂತವಾಗಿ, ದುಪ್ಪಟ್ಟು ಬೆಲೆಗೆ ಕಟ್ಟುತ್ತಿದ್ದರು. ಆ ಸಿಟ್ಟು ಕಟ್ಟೆಯೊಡೆಯಿತು. ನಡುವೆ ಒಮ್ಮೆ ಸಡಿಲವಾದರೂ ಮುತ್ತಿಗೆ ಒಟ್ಟು ಆರು ತಿಂಗಳು ನಡೆಯಿತು. ಲಾ ಪಾಸ್ ಬಾಣಲೆಯಂಥ ಕಣಿವೆಯಲ್ಲಿದೆ. ಮೇಲಿನ ಅಂಚು ಹಿಡಿದರೆ ಕೆಳಗಿನವರಿಗೆ ಅನ್ನ ನೀರು ಬಂದ್. ಒಳಗೆ ಸಾವಿರಾರು ಜನ ಹಸಿವಿನಿಂದ ಸತ್ತರು. ಕೊನೆಗೆ ಕಟಾರಿ ಸಿಕ್ಕಿಬಿದ್ದ. ಆ ವರ್ಷದ ನವೆಂಬರ್‌ನಲ್ಲಿ ನಾಲ್ಕು ಕುದುರೆಗಳಿಗೆ ಕೈಕಾಲು ಕಟ್ಟಿ ಸೀಳಿದರು. ಅವನ ಹೆಂಡತಿ ಬಾರ್ಟೊಲಿನಾ ಸೀಸಾ ತಾನೂ ಪಡೆ ನಡೆಸಿದವಳು. ಅವಳನ್ನು ಮರುವರ್ಷ ಸೆಪ್ಟೆಂಬರ್ 5ರಂದು ಕೊಂದರು. ಆ ದಿನವನ್ನು ಈಗ ಮೂಲನಿವಾಸಿ ಮಹಿಳೆಯರ ದಿನವಾಗಿ ಆಚರಿಸುತ್ತಾರೆ. 2013ರಲ್ಲಿ ಹಾರಿದ ಬೊಲಿವಿಯಾದ ಮೊದಲ ಉಪಗ್ರಹಕ್ಕೆ ಇಟ್ಟದ್ದು ಟುಪಾಕ್ ಕಟಾರಿಯ ಹೆಸರನ್ನೇ.

ಸ್ವಾತಂತ್ರ್ಯ ಬಂದದ್ದು 1825ರ ಆಗಸ್ಟ್ 6ರಂದು. ಸ್ಪೇನಿನ ವಿರುದ್ಧ ಹೋರಾಡಿದ ದಂಡನಾಯಕ ಸೀಮೊನ್ ಬೊಲಿವಾರ್ ಹೆಸರಿನಿಂದ ಬೊಲಿವಿಯಾ ಆಯಿತು. ಆದರೆ ಒಂದು ಮಾತು ಮರೆಯಬೇಡಿ. ಗದ್ದುಗೆ ಏರಿದವರು ಅಲ್ಲೇ ಹುಟ್ಟಿದ ಸ್ಪ್ಯಾನಿಷ್ ಮೂಲದ ಧಣಿಗಳು. ಕಟಾರಿಯ ಜನ ಅಲ್ಲ. 'ಇಂಡಿಯನ್ನರ', ಅಂದರೆ ಅಲ್ಲಿನ ಮೂಲನಿವಾಸಿಗಳ ಮೇಲಿನ ತಲೆಗಂದಾಯವನ್ನು ಬೊಲಿವಾರ್ ರದ್ದು ಮಾಡಿದ. ಮರುವರ್ಷವೇ ಅದು ವಾಪಸ್ ಬಂತು. ಬೊಕ್ಕಸಕ್ಕೆ ಬೇರೆ ಆದಾಯ ಸಾಲುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಆಲೂಗಡ್ಡೆ ಅಲ್ಲಿಂದಲೇ ಬಂದದ್ದಂತೆ, ಹೌದಾ? (ಹಾಸನದ ರೈತರು)

ಉತ್ತರ: ಹೌದು. ಟಿಟಿಕಾಕಾ ಸರೋವರದ ಸುತ್ತಲಿನ ಎತ್ತರದ ನಾಡಿನಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಪಳಗಿಸಿ ಬೆಳೆಸಿದರು. ನಮ್ಮ ಕರಾವಳಿಯವರು 'ಬಟಾಟೆ' ಅಂತಾರಲ್ವಾ, ಆ ಮಾತು ಪೋರ್ಚುಗೀಸರ ಬಾಯಿಂದ ಬಂದದ್ದು.

ನೀವು ಬೆಳೆಗಾರರು, ಹಾಗಾಗಿ ಒಂದು ಕ್ರಮ ಹೇಳುತ್ತೇನೆ. ಅಲ್ಲಿನ ಆಂಡಿಸ್ ಪರ್ವತಸಾಲಿನಲ್ಲಿ ಜೂನ್, ಜುಲೈ ಚಳಿಗಾಲ. ರಾತ್ರಿ ಗಡ್ಡೆಯನ್ನು ಬಯಲಿನಲ್ಲಿ ಹರಡುತ್ತಾರೆ, ಅದು ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಬಿಸಿಲಿಗೆ ಮೆತ್ತಗಾದಾಗ ಮನೆಮಂದಿಯೆಲ್ಲ ಬರಿಗಾಲಲ್ಲಿ ತುಳಿದು ನೀರು ಹಿಂಡುತ್ತಾರೆ. ಕೆಲವು ದಿನ ಹೀಗೇ ಮಾಡಿ ಒಣಗಿಸಿದರೆ ಹಗುರವಾದ, ಆದರೆ ಕಲ್ಲಿನಂತೆ ಗಟ್ಟಿಯಾದ ಉಂಡೆ ಆಗುತ್ತದೆ. ಹೆಸರು 'ಚುನ್ಯೊ'. ವರ್ಷಗಟ್ಟಲೆ ಕೆಡುವುದಿಲ್ಲ. ಬೇಕಾದಾಗ ನೆನೆಹಾಕಿ ಬೇಯಿಸಿದರಾಯಿತು. ಪೊಟೊಸಿಯ ಗಣಿ ಕೂಲಿಗಳು ತಿಂದದ್ದು ಇದನ್ನೇ. ಅದನ್ನು ಗಣಿಗೆ ಸಾಗಿಸಿ ಮಾರಿಯೇ ಶ್ರೀಮಂತರಾದ ಸ್ಪೇನಿನವರೂ ಇದ್ದರು.

ಪ್ರಶ್ನೆ: ಸಮುದ್ರವಿಲ್ಲದ ದೇಶಕ್ಕೆ ನೌಕಾಪಡೆ ಯಾಕೆ? ರಾಜಧಾನಿ ಎರಡು ಯಾಕೆ? (ಕಾರವಾರದ ಓದುಗರು)

ಉತ್ತರ: ಒಂದು ಕಾಲಕ್ಕೆ ಸಮುದ್ರ ಇತ್ತು. ಅಟಕಾಮಾ ಮರುಭೂಮಿಯ ಕರಾವಳಿಯಲ್ಲಿ ಗೊಬ್ಬರಕ್ಕೂ ಮದ್ದುಗುಂಡಿಗೂ ಬೇಕಾದ ನೈಟ್ರೇಟ್ ಸಿಕ್ಕಿತು. ಅಲ್ಲಿನ ಚಿಲಿ ಕಂಪನಿಗೆ ಬೊಲಿವಿಯಾ ಕ್ವಿಂಟಲಿಗೆ 10 ಸೆಂಟಾವೊ (ನಮ್ಮ ಪೈಸೆಯಂಥ ಚಿಲ್ಲರೆ) ತೆರಿಗೆ ಹಾಕಿದ್ದೇ ನೆಪ. 1879ರಲ್ಲಿ ಚಿಲಿ ನುಗ್ಗಿ ಕರಾವಳಿಯನ್ನೇ ಕಿತ್ತುಕೊಂಡಿತು. 1904ರ ಒಪ್ಪಂದದಲ್ಲಿ ಬೊಲಿವಿಯಾ ಅದಕ್ಕೆ ಸಹಿ ಹಾಕಿತು, ಮನಸ್ಸು ಮಾತ್ರ ಒಪ್ಪಲಿಲ್ಲ. ಇಂದಿಗೂ ಮಾರ್ಚ್ 23ರಂದು 'ಸಮುದ್ರ ದಿನ'. ನೌಕಾಪಡೆ ಟಿಟಿಕಾಕಾದಲ್ಲಿ, ನದಿಗಳಲ್ಲಿ ಇದೆ. ಚಿಲಿ ಮಾತುಕತೆಗೆ ಬರಲೇಬೇಕೆಂದೇನಿಲ್ಲ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2018ರಲ್ಲಿ ಹೇಳಿದಾಗ ಆ ದೇಶಕ್ಕೆ ಆದ ನೋವು ದೊಡ್ಡದು.

ರಾಜಧಾನಿಯ ವಿಷಯ ಸರಳ. ಸಂವಿಧಾನದ ಪ್ರಕಾರ ಸುಕ್ರೆ. ಬೆಳ್ಳಿ ಧಣಿಗಳ ಬಲ ಅಲ್ಲಿತ್ತು. 1899ರ ಅಂತರ್ಯುದ್ಧದಲ್ಲಿ ತವರದ ಕಡೆಯ ಲಾ ಪಾಸ್ ಗೆದ್ದಿತು, ಸರ್ಕಾರ ಅಲ್ಲಿಗೆ ಹೋಯಿತು. ಸರ್ವೋಚ್ಚ ನ್ಯಾಯಾಲಯ ಸುಕ್ರೆಯಲ್ಲೇ ಉಳಿಯಿತು.

ಪ್ರಶ್ನೆ: ಈಗಲಾದರೂ ಮೂಲನಿವಾಸಿಗಳ ಕೈಗೆ ಅಧಿಕಾರ ಬಂದಿದೆಯೇ? (ಬೆಂಗಳೂರಿನ ಓದುಗರು)

ಉತ್ತರ: ಬಂದಿತು, ಆದರೆ ತುಂಬಾ ತಡವಾಗಿ. 1932ರಿಂದ 35ರವರೆಗೆ ಪರಾಗ್ವೆ ಜೊತೆ ಚಾಕೊ ಎಂಬ ಬರಡು ನೆಲಕ್ಕಾಗಿ ಯುದ್ಧವಾಯಿತು. ಬೊಲಿವಿಯಾ ಕಡೆ 50 ಸಾವಿರಕ್ಕೂ ಹೆಚ್ಚು ಜನ ಸತ್ತರು, ಎಷ್ಟೋ ಮಂದಿ ಗುಂಡಿಗಲ್ಲ, ಬಾಯಾರಿಕೆಗೆ. ಐಮಾರ, ಕೆಚುವಾ ಹುಡುಗರೇ ಜಾಸ್ತಿ. ಬದುಕಿ ಬಂದವರು ಕೇಳತೊಡಗಿದರು: ಸಾಯಲು ನಾವು ಬೇಕು, ಮತ ಹಾಕಲು ಬೇಡವೇ?

1952ರ ಏಪ್ರಿಲ್‌ನಲ್ಲಿ ಗಣಿ ಕಾರ್ಮಿಕರು ಬೀದಿಗಿಳಿದರು, ಮೂರು ದಿನದಲ್ಲಿ ಸೈನ್ಯ ಸೋತಿತು. ಅಲ್ಲಿಯವರೆಗೆ ಓದು ಬರಹ ಬಲ್ಲವರಿಗೆ ಮಾತ್ರ ಇದ್ದ ಮತ ಎಲ್ಲರಿಗೂ, ಹೆಂಗಸರಿಗೂ ಸಿಕ್ಕಿತು. ಪಾಟಿನ್ಯೊ, ಹೋಕ್‌ಶೀಲ್ಡ್, ಅರಮಾಯೊ ಎಂಬ ಮೂವರು ತವರದ ದೊರೆಗಳ ಗಣಿಗಳು ಸರ್ಕಾರದ ವಶಕ್ಕೆ ಬಂದವು. 1953ರಲ್ಲಿ ಉಳುವವನಿಗೇ ಭೂಮಿ ಎಂಬ ಕಾಯ್ದೆ ಬಂತು. ಧಣಿಯ ಮನೆಯಲ್ಲಿ ಕೂಲಿಯಿಲ್ಲದೆ ಗೇಯುವ ಪದ್ಧತಿ ಕೊನೆಗೊಂಡಿತು. ನನ್ನ ಮಟ್ಟಿಗೆ ಬೊಲಿವಿಯಾದ ನಿಜವಾದ ಸ್ವಾತಂತ್ರ್ಯ ವರ್ಷ 1825 ಅಲ್ಲ, 1952.

ಆಮೇಲಿನದ್ದು ಏಳುಬೀಳು. ಸೈನ್ಯದ ಆಳ್ವಿಕೆ ಬಂತು. 1985ರಲ್ಲಿ ತವರದ ಬೆಲೆ ಕುಸಿಯಿತು, ಬೆಲೆಯೇರಿಕೆ ಶೇ. 8 ಸಾವಿರ ದಾಟಿತು, 20 ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರು ಕೆಲಸ ಕಳೆದುಕೊಂಡರು. 2000ದಲ್ಲಿ ಕೊಚಬಂಬಾದ ಜನ ನೀರಿನ ದರ ಏರಿಸಿದ ಖಾಸಗಿ ಕಂಪನಿಯನ್ನು ಹೊರಗಟ್ಟಿದರು. 2003ರಲ್ಲಿ ಅನಿಲ ರಫ್ತಿನ ವಿರುದ್ಧ ಎದ್ದ ಜನರ ಮೇಲೆ ಗುಂಡು ಹಾರಿತು, ಅಧ್ಯಕ್ಷ ದೇಶ ಬಿಟ್ಟು ಓಡಿದ. 2005ರ ಚುನಾವಣೆಯಲ್ಲಿ ಕೋಕಾ ಬೆಳೆಗಾರರ ನಾಯಕ, ಐಮಾರ ಜನಾಂಗದ ಇವೊ ಮೊರಾಲೆಸ್ ಗೆದ್ದರು. ಅರ್ಧ ಶತಮಾನದ ಹಿಂದೆ ನಮ್ಮವರಿಗೆ ಕಾಲುದಾರಿಯ ಮೇಲೆ ನಡೆಯುವ ಹಕ್ಕೂ ಇರಲಿಲ್ಲ ಎಂದು ಅವರು ಪದಗ್ರಹಣದ ದಿನ ನೆನಪಿಸಿದರು. 2009ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. ಮೊರಾಲೆಸ್ ತಪ್ಪನ್ನೂ ಮಾಡಿದರು. ಜನಮತಗಣನೆಯಲ್ಲಿ ಜನ ಬೇಡವೆಂದರೂ ನಾಲ್ಕನೇ ಬಾರಿ ನಿಂತರು. 2019ರ ಗಲಭೆಯಲ್ಲಿ ಅಧಿಕಾರ ಬಿಡಬೇಕಾಯಿತು. ಮರುವರ್ಷ ಅವರ ಪಕ್ಷ ಮತ್ತೆ ಗೆದ್ದಿತು, 2025ರಲ್ಲಿ ಸೋತಿತು. ಈಗ ಅಧ್ಯಕ್ಷರು ರೊಡ್ರಿಗೊ ಪಾಸ್.

ಈಗ ಎಲ್ಲರ ಕಣ್ಣು ಉಯುನಿ ಎಂಬ ಉಪ್ಪಿನ ಬಯಲಿನ ಮೇಲೆ. 10 ಸಾವಿರ ಚದರ ಕಿಲೋಮೀಟರ್‌ಗೂ ದೊಡ್ಡದು, ಬ್ಯಾಟರಿಗೆ ಬೇಕಾದ ಲಿಥಿಯಂ ಅದರ ಅಡಿಯಲ್ಲಿದೆ. ಅದು ಇರುವುದೂ ಪೊಟೊಸಿ ಪ್ರಾಂತ್ಯದಲ್ಲೇ. 2018ರಲ್ಲಿ ಒಂದು ಜರ್ಮನ್ ಕಂಪನಿಯ ಜೊತೆ ಸರ್ಕಾರ ಲಿಥಿಯಂ ಒಪ್ಪಂದ ಮಾಡಿಕೊಂಡಿತ್ತು. ನಮ್ಮ ಪಾಲೆಷ್ಟು ಅಂತ ಪೊಟೊಸಿಯ ಜನ ಮುಷ್ಕರ ಹೂಡಿದರು. 2019ರ ನವೆಂಬರ್‌ನಲ್ಲಿ ಸರ್ಕಾರ ಒಪ್ಪಂದವನ್ನೇ ರದ್ದು ಮಾಡಿತು.