ಮೂರೂ ಹಳದಿ, ಮೂರೂ ಕೋನ್‌ಫ್ಲವರ್: ಗುರುತು ಹಿಡಿಯೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಮಗಳು ಅಮೆರಿಕದ ಇಲಿನಾಯ್‌ನಲ್ಲಿದಾಳೆ, ವಾಕಿಂಗ್ ಹೋದಲ್ಲಿ ಕಂಡ ಕಾಡುಹೂವಿನ ಫೋಟೋ ಕಳಿಸ್ತಿರ್ತಾಳೆ. ಎಲ್ಲಾ ಹಳದಿನೇ. ಒಂದರ ಎಸಳು ಜೋತುಬಿದ್ದಿದೆ, ಒಂದಕ್ಕೆ ನಡುವೆ ಕಪ್ಪು, ಇನ್ನೊಂದು ಹೊಳೆ ಹತ್ರ ಆಳೆತ್ತರ ಬೆಳೆದಿದ್ದು. ಮೂರಕ್ಕೂ ಕೋನ್‌ಫ್ಲವರ್ ಅಂತಾರಂತೆ. ಬೇರೆ ಬೇರೆನಾ? ನಮ್ಮ ತೋಟದ ದರೆ ತುಂಬಾ ಹಬ್ಬಿರೋ ಹಳದಿ ಹೂವೂ ಇದೇನಾ? ಬರುವಾಗ ಬೀಜ ತರ್ತೀನಿ ಅಂತಿದಾಳೆ, ತರಬಹುದಾ?
– ಓದುಗರು, ಶಿರಸಿ

ಉತ್ತರ: ಅಕ್ಕಾ, ಮೂರೂ ಸೂರ್ಯಕಾಂತಿ ಕುಟುಂಬದ್ದೇ, ಆದ್ರೆ ಬೇರೆ ಬೇರೆ. ಎಸಳಿನ ಬಣ್ಣ ನಂಬ್ಕೊಂಡು ಕೂರಬೇಡಿ, ಈ ಕುಟುಂಬದಲ್ಲಿ ಅರ್ಧಕ್ಕರ್ಧ ಹಳದಿನೇ. ನಡುವಿನ ಉಬ್ಬು, ಕಾಂಡ, ಬುಡದ ಎಲೆ ಮೂರೂ ಕಾಣೋ ಹಂಗೆ ಫೋಟೋ ತೆಗೆಯೋಕೆ ಮಗಳಿಗೆ ಹೇಳಿ. ಆ ಉಬ್ಬು ಅಂದ್ರೆ ಒತ್ತೊತ್ತಾಗಿ ಕೂತ ಪುಟಾಣಿ ಹೂಗಳ ಗುಂಪು, ಬುಡದಿಂದ ತುದಿ ಕಡೆಗೆ ಸುತ್ತು ಸುತ್ತಾಗಿ ಅರಳ್ತಾ ಹೋಗುತ್ತೆ, ಹತ್ತಿರದಿಂದ ನೋಡಿದ್ರೆ ಅರಳಿದ ಸುತ್ತು ಉಂಗುರದ ಹಾಗೆ ಕಾಣುತ್ತೆ, ಎಷ್ಟು ಚಂದ ಅಂತೀರಿ!

ಎಸಳು ಜೋತುಬಿದ್ದಿದ್ದು ರಟಿಬಿಡಾ ಪಿನ್ನಾಟಾ. ಉಬ್ಬು ಮೊದಲು ಬೂದು-ಹಸಿರು, ಆಮೇಲೆ ಕಂದು, ಎಲೆ ಸಪೂರ ಸಪೂರಾಗಿ ಸೀಳಿರುತ್ತೆ. ಉಬ್ಬನ್ನ ಬೆರಳಲ್ಲಿ ಹಿಸುಕಿ ಮೂಸಿದ್ರೆ ಬಡೇಸೋಪಿನ ಥರ ಘಮ ಬರುತ್ತೆ, ಇದೊಂದು ಗುರುತು ಸಾಕು. ನಡುವೆ ಕಪ್ಪಿರೋದು ರುಡ್ಬೆಕಿಯಾ ಹಿರ್ಟಾ, ಎಲೆ ಸೀಳಿರಲ್ಲ, ಕಾಂಡ ಎಲೆ ಎಲ್ಲಾ ಕಡೆ ಒರಟು ರೋಮ. ಮೋಸ ಮಾಡೋದು ಮೂರನೇದು, ರುಡ್ಬೆಕಿಯಾ ಲಸಿನಿಯಾಟಾ, ಯಾಕಂದ್ರೆ ಇದರ ಎಸಳೂ ಜೋತುಬೀಳುತ್ತೆ, ಎಲೆನೂ ಸೀಳಿರುತ್ತೆ. ಆದ್ರೆ ಸೀಳು ಅಗಲ, ಕಾಂಡ ನುಣುಪು, ಉಬ್ಬು ಹಸಿರು-ಹಳದಿ ಗುಂಡಗೆ, ಜಾಗ ಯಾವಾಗ್ಲೂ ತೇವದ್ದು. ಹೊಳೆ ಹತ್ರ ಅಂತ ನೀವೇ ಬರೆದಿದೀರಲ್ಲ!

ಉಬ್ಬು ಮುಟ್ಟಿದ್ರೆ ಚುಚ್ಚುವಂತಿದ್ರೆ ಅದು ಎಕಿನೇಸಿಯಾ, ಅದಕ್ಕೂ ಕೋನ್‌ಫ್ಲವರ್ ಅಂತಲೇ ಕರೀತಾರೆ. ಆ ಗುಂಪಲ್ಲಿ ಹೆಚ್ಚಿನವು ಗುಲಾಬಿ-ನೇರಳೆ, ಕಾಡಲ್ಲಿ ಹಳದಿ ಇರೋದು ಪ್ಯಾರಡಾಕ್ಸಾ ಅನ್ನೋದು ಮಾತ್ರ, ಅದರ ಊರು ಮಿಸೌರಿ, ಅರ್ಕನ್ಸಾ ಕಡೆಯ ಓಝಾರ್ಕ್ ಗುಡ್ಡಗಳು.

ಇನ್ನು ನಿಮ್ಮ ದರೆ ಮೇಲಿಂದು. ನೆಲಕ್ಕಂಟಿ ಹಬ್ಬಿ ಗೆಣ್ಣು ಗೆಣ್ಣಿಗೆ ಬೇರು ಬಿಡ್ತಿದ್ರೆ ವೆಡೇಲಿಯಾ, ಕೋನ್‌ಫ್ಲವರ್ ಅಲ್ಲ. ಅಮೆರಿಕ ಖಂಡದ ಬಿಸಿ ಪ್ರದೇಶದ್ದು, ಚಂದಕ್ಕೆ ಅಂತ ಬಂದು ಈಗ ತೋಡು, ರಸ್ತೆ ಬದಿ ಎಲ್ಲಾ ಅದೇ. ತುಂಡು ಬಿದ್ದಲ್ಲಿ ಚಿಗುರುತ್ತೆ, ಕಿತ್ತಿದ್ದನ್ನ ತೋಡಿಗೆ ಮಾತ್ರ ಎಸೀಬೇಡಿ.

ಬೀಜ ತರೋದು ಬೇಡ ಅಕ್ಕಾ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರ್ಮಿಟ್, ರೋಗ-ಕೀಟ ಇಲ್ಲ ಅನ್ನೋ ಸರ್ಟಿಫಿಕೇಟ್ ಇಲ್ದೆ ಬ್ಯಾಗಲ್ಲಿ ಹಾಕ್ಕೊಂಡು ಬರೋ ಹಂಗಿಲ್ಲ. ಹಳದಿ ಹೂವೇ ಬೇಕಂದ್ರೆ ಮಳೆ ಹಿಂದಾಗುವಾಗ ಒಂದು ಮೂಲೆಗೆ ಹುಚ್ಚೆಳ್ಳು ಬಿತ್ತಿ, ಅದೂ ಇದೇ ಕುಟುಂಬದ್ದು, ಜೇನುಪೆಟ್ಟಿಗೆ ಇದ್ರಂತೂ ಹುಳಕ್ಕೂ ಒಳ್ಳೆ ಮೇವು.